ಕಾಯುವುದನ್ನು ಕಲಿಸಿದ ಕೋಬೆ



ಕ್ಯಾನ್ಸರ್ ಎಂಬ ಮಾತು ಕಿವಿಗೆ ಬಿದ್ದೊಡನೆ ನಾವು ಕೇಳುವ ಮೊದಲ ಪ್ರಶ್ನೆ, ಜೀವಕ್ಕೆ ಅಪಾಯವೇ ಎಂಬುದು. ಥೈರಾಯ್ಡ್ ಗ್ರಂಥಿಯಲ್ಲಿ ಹೆಚ್ಚಾಗಿ ಕಾಣುವ ಪ್ಯಾಪಿಲರಿ ಕ್ಯಾನ್ಸರ್ ಬಂದವರಲ್ಲಿ ಬಹುಪಾಲು ಮಂದಿ ಹತ್ತಾರು ವರ್ಷ ಬದುಕುತ್ತಾರೆ. ಹಾಗಾಗಿ ಇಲ್ಲಿ ಎರಡನೆಯ ಪ್ರಶ್ನೆಯೇ ದೊಡ್ಡದು: ಅಷ್ಟು ವರ್ಷ ಹೇಗೆ ಬದುಕುತ್ತಾರೆ? ಈ ಪ್ರಶ್ನೆಯನ್ನು ಗಂಭೀರವಾಗಿ ಎತ್ತಿಕೊಂಡ ಮೊದಲಿಗರಲ್ಲಿ ಜಪಾನಿನ ವೈದ್ಯರಿದ್ದಾರೆ.

ಥೈರಾಯ್ಡ್ ವಿದ್ಯೆಗೂ ಜಪಾನಿಗೂ ಹಳೆಯ ನಂಟು. ನಮ್ಮಲ್ಲೂ ಮನೆಮಾತಾಗಿರುವ ಹಾಶಿಮೊಟೊ ಕಾಯಿಲೆಯನ್ನು ಹಾಶಿಮೊಟೊ ಹಕಾರು ವಿವರಿಸಿದ್ದು 1912ರಲ್ಲಿ. ಕೋಬೆ ನಗರದ ಕುಮಾ ಆಸ್ಪತ್ರೆ ಆರಂಭವಾದದ್ದು 1932ರಲ್ಲಿ. ಅದು ಥೈರಾಯ್ಡ್ ರೋಗಗಳಿಗೇ ಹೆಸರಾಯಿತು.

ಅಲ್ಟ್ರಾಸೌಂಡ್ ಬಂದ ಮೇಲೆ ಕೈಗೆ ಸಿಗದಷ್ಟು ಸಣ್ಣ ಗಂಟುಗಳೂ ಕಣ್ಣಿಗೆ ಬೀಳತೊಡಗಿದವು. ಬೇರೆ ಕಾರಣಗಳಿಂದ ತೀರಿಕೊಂಡವರ ಶವಪರೀಕ್ಷೆಯಲ್ಲಿ, ಬದುಕಿದ್ದಾಗ ಯಾವ ತೊಂದರೆಯನ್ನೂ ಕೊಡದಿದ್ದ ಇಂಥವೇ ಸೂಕ್ಷ್ಮ ಕ್ಯಾನ್ಸರ್‌ಗಳು ಕಾಣುತ್ತಿದ್ದವು. ಹಾಗಾದರೆ ಎಲ್ಲವನ್ನೂ ಕತ್ತರಿಸಬೇಕೇ? 1993ರಲ್ಲಿ ಶಸ್ತ್ರವೈದ್ಯ ಮಿಯಾವುಚಿ ಅಕಿರಾ ಕುಮಾ ಆಸ್ಪತ್ರೆಯ ವೈದ್ಯರ ಮುಂದೆ ಒಂದು ಸಲಹೆ ಇಟ್ಟರು. ಒಂದು ಸೆಂಟಿಮೀಟರಿಗಿಂತ ದೊಡ್ಡದಲ್ಲದ, ಅಪಾಯದ ಲಕ್ಷಣವಿಲ್ಲದ ಗಂಟನ್ನು ಕಾಲಕಾಲಕ್ಕೆ ನೋಡುತ್ತಾ ಇರೋಣ, ಬೆಳೆದರೆ ಆಗ ಶಸ್ತ್ರಚಿಕಿತ್ಸೆ ಮಾಡೋಣ. 1995ರಲ್ಲಿ ಟೋಕಿಯೊದ ಕ್ಯಾನ್ಸರ್ ಆಸ್ಪತ್ರೆಯೂ ಇದೇ ದಾರಿ ಹಿಡಿಯಿತು.

ಕುಮಾ ಆಸ್ಪತ್ರೆ 1235 ಮಂದಿಯ ಲೆಕ್ಕವನ್ನು 2014ರಲ್ಲಿ ಪ್ರಕಟಿಸಿತು. ಹತ್ತು ವರ್ಷಗಳಲ್ಲಿ ಗಂಟು ಬೆಳೆದದ್ದು ಶೇಕಡಾ 8ರಷ್ಟು ಜನರಲ್ಲಿ ಮಾತ್ರ. ಈ ಕ್ಯಾನ್ಸರಿನಿಂದ ಯಾರೂ ಸಾಯಲಿಲ್ಲ. 2016ರ ಇನ್ನೊಂದು ವರದಿ ಬದುಕಿನ ಗುಣಮಟ್ಟಕ್ಕೆ ನೇರವಾಗಿ ಸಂಬಂಧಿಸಿದ್ದು. ಕೂಡಲೇ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಲ್ಲಿ ಶೇಕಡಾ 4.1 ಜನರಿಗೆ ಸ್ವರತಂತು ತಾತ್ಕಾಲಿಕವಾಗಿ ನಿಷ್ಕ್ರಿಯವಾಗಿತ್ತು. ಕಾದವರಲ್ಲಿ ಶೇಕಡಾ 0.6. ಹಾರ್ಮೋನ್ ಮಾತ್ರೆ ಬೇಕಾದವರು ಅಲ್ಲಿ ಶೇಕಡಾ 66.1, ಇಲ್ಲಿ ಶೇಕಡಾ 20.7. 2015ರಲ್ಲಿ ಅಮೆರಿಕದ ಥೈರಾಯ್ಡ್ ಸಂಘದ ಮಾರ್ಗಸೂಚಿಯೂ ಕಾಯುವ ಆಯ್ಕೆಗೆ ಜಾಗ ಕೊಟ್ಟಿತು.

ಕ್ಯಾನ್ಸರ್ ಮೈಯಲ್ಲಿದೆ ಎಂದು ತಿಳಿದೂ ಸುಮ್ಮನಿರುವುದು ಸುಲಭವಲ್ಲ ನಿಜ. ಆದರೆ ಪೂರ್ತಿ ಗ್ರಂಥಿ ತೆಗೆಸಿಕೊಂಡವರ ದಿನಚರಿಯೂ ಸುಲಭದ್ದಲ್ಲ. ವಿಕಿರಣ ಅಯೋಡಿನ್ ಚಿಕಿತ್ಸೆಗೆ ಮೊದಲು ಊಟದಲ್ಲಿ ಅಯೋಡಿನ್ ಬಿಡಬೇಕು. ನಮಗದು ಉಪ್ಪಿನ ಪ್ರಶ್ನೆ. ಜಪಾನಿನವರಿಗೆ ಕೊಂಬು ಎಂಬ ಕಡಲಪಾಚಿಯ ಪ್ರಶ್ನೆ. ಅವರ ಮಿಸೊ ಸಾರಿನ ರುಚಿಗೆ ಅದೇ ಬುನಾದಿ. ನಮ್ಮವರಿಗೆ ತಿಳಿಸಾರು ಬಿಡಿ ಎಂದಂತೆ.

ಇನ್ನು ಮಾತ್ರೆಯ ಮಾತು. 2011ರ ಮಾರ್ಚ್ 11ರ ಭೂಕಂಪದಲ್ಲಿ ಫುಕುಶಿಮಾ ಪ್ರಾಂತ್ಯದ ಇವಾಕಿಯ ಒಂದು ಔಷಧ ಕಾರ್ಖಾನೆ ನಿಂತುಹೋಯಿತು. ಜಪಾನಿನ ಲೆವೊಥೈರಾಕ್ಸಿನ್ ಮಾತ್ರೆಗಳಲ್ಲಿ ಹೆಚ್ಚಿನ ಪಾಲು ತಯಾರಾಗುತ್ತಿದ್ದದ್ದು ಅಲ್ಲೇ. ವೈದ್ಯರು ಕೆಲವೇ ದಿನಗಳಿಗಾಗುವಷ್ಟು ಮಾತ್ರೆ ಬರೆದುಕೊಡಬೇಕಾಯಿತು. ಹೊರದೇಶದಿಂದ ತುರ್ತಾಗಿ ತರಿಸಬೇಕಾಯಿತು. ಕಾರ್ಖಾನೆ ಬೇಗನೆ ಮತ್ತೆ ಕೆಲಸ ಆರಂಭಿಸಿತು. ಆದರೆ ಗುಣವಾದವರು ಎಂದು ನಾವು ಕರೆಯುವವರ ಬದುಕು ದಿನಕ್ಕೊಂದು ಸಣ್ಣ ಮಾತ್ರೆಗೆ ಕಟ್ಟುಬಿದ್ದಿದೆ ಎಂಬುದು ಆ ದಿನಗಳಲ್ಲಿ ಎಲ್ಲರಿಗೂ ಕಂಡಿತು.

ಅದೇ ಫುಕುಶಿಮಾದಲ್ಲಿ ಅಣು ದುರಂತದ ನಂತರ 3 ಲಕ್ಷಕ್ಕೂ ಹೆಚ್ಚು ಮಕ್ಕಳನ್ನು ಗುರಿಯಾಗಿಟ್ಟು ಥೈರಾಯ್ಡ್ ತಪಾಸಣೆ ಶುರುವಾಯಿತು. ಸಿಕ್ಕ ಕ್ಯಾನ್ಸರ್‌ಗಳು ವಿಕಿರಣದಿಂದ ಬಂದವೇ, ಹುಡುಕಿದ್ದರಿಂದ ಸಿಕ್ಕವೇ ಎಂಬ ವಾದ ನ್ಯಾಯಾಲಯದವರೆಗೂ ಹೋಯಿತು. ವಾದ ಏನೇ ಇರಲಿ, ಕುತ್ತಿಗೆಯ ಮೇಲಿನ ಗೆರೆಯನ್ನು ಹೊತ್ತು ಮುಂದೆ ಓದು, ಕೆಲಸ, ಮದುವೆ ಎಂದು ಸಾಗಬೇಕಾದವರು ಆ ಮಕ್ಕಳು.

ಎಲ್ಲ ಗಂಟೂ ಕಾಯುವ ಗಂಟಲ್ಲ. ಯಾವುದನ್ನು ತೆಗೆಯಬೇಕೆಂದು ವೈದ್ಯರೇ ಹೇಳಬೇಕು. ನಮ್ಮ ಮನೆಯಲ್ಲಿ ಯಾರಿಗಾದರೂ ಇಂಥ ಸುದ್ದಿ ಬಂದರೆ, ಎಷ್ಟು ದಿನ ಎಂಬುದರ ಜೊತೆಗೆ ದನಿ, ಊಟ, ಮಾತ್ರೆ, ನಿದ್ದೆ ಇವುಗಳ ಬಗ್ಗೆಯೂ ವೈದ್ಯರನ್ನು ಧೈರ್ಯವಾಗಿ ಕೇಳೋಣ.