ದಿಮ್ಮಿ ಎಳೆದ ಯಂತ್ರಗಳ ಚರಿತ್ರೆ

ಮರವನ್ನು ಕಡಿಯುವುದು ಸುಲಭ. ಕಡಿದ ಮರವನ್ನು ಕಾಡಿನಿಂದ ಹೊರಕ್ಕೆ ತರುವುದು ಕಷ್ಟ. ವೈನಾಡು, ನೀಲಗಿರಿಗಳ ಮಗ್ಗುಲಲ್ಲಿ ಬಾಳುತ್ತ ಬಂದ ನಮ್ಮವರಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ. ಸರಪಳಿ ಬಿಗಿದ ತೇಗದ ದಿಮ್ಮಿಗಳನ್ನು ಆನೆಗಳು ಎಳೆದು ತರುತ್ತಿದ್ದುದನ್ನು ನಮ್ಮ ಹಿರಿಯರು ಬಲ್ಲರು. ಆದರೆ ಪ್ರಾಣಿಯ ಬಲಕ್ಕೆ ಮಿತಿಯುಂಟು. ಆ ಮಿತಿಯೇ ಬಹುಕಾಲ ಕಾಡಿಗೆ ಬೇಲಿಯಾಗಿತ್ತು. ಈ ಬೇಲಿಯನ್ನು ಯಂತ್ರವು ಮುರಿದ ಬಗೆಯನ್ನು ತಿಳಿಯಬೇಕಾದರೆ ಅಮೆರಿಕದ ಕಾಡುಗಳತ್ತ ನೋಡಬೇಕು.

ಉತ್ತರ ಕ್ಯಾಲಿಫೋರ್ನಿಯದ ಕಡಲ ಕರೆಯಲ್ಲಿ ರೆಡ್‌ವುಡ್ ಎಂಬ ಮಹಾವೃಕ್ಷಗಳ ಕಾಡುಂಟು. ಅವುಗಳಲ್ಲಿ ಕೆಲವು ೩೦೦ ಅಡಿಗೂ ಮಿಕ್ಕಿ ಬೆಳೆದವು. ಸಾವಿರ ವರ್ಷಗಳನ್ನು ದಾಟಿದವೂ ಅನೇಕ. ಇಂತಹ ಮರದ ತುಂಡುಗಳನ್ನು ಸಾಗಿಸಲು ಕಾಡಿನ ದಾರಿಯಲ್ಲಿ ಅಡ್ಡತೊಲೆಗಳನ್ನು ಹಾಸಿ, ಅವುಗಳಿಗೆ ಜಿಡ್ಡು ಬಳಿದೋ ನೀರೆರೆದೋ, ಹಲವು ಜೊತೆ ಎತ್ತುಗಳನ್ನು ಸಾಲಾಗಿ ಕಟ್ಟಿ ಎಳೆಸುತ್ತಿದ್ದರು. ಕಡಿದಾದ ಇಳಿಜಾರಿನಲ್ಲಿ ಎತ್ತಿನ ಕಾಲು ನಿಲ್ಲದು. ಅಲ್ಲಿಯ ಮರ ಉಳಿದುಕೊಳ್ಳುತ್ತಿತ್ತು.

ಯುರೇಕಾ ಪಟ್ಟಣದ ಮರದ ವ್ಯಾಪಾರಿ ಜಾನ್ ಡಾಲ್ಬೀರ್ ೧೮೮೧ರಲ್ಲಿ ಇದಕ್ಕೊಂದು ಉಪಾಯ ಹೂಡಿದನು. ಮರುವರ್ಷ ಅದಕ್ಕೆ ಹಕ್ಕುಪತ್ರವನ್ನೂ ಪಡೆದನು. ಹಡಗುಗಳಲ್ಲಿ ಭಾರವೆತ್ತಲು ಬಳಸುತ್ತಿದ್ದ ಉಗಿಯಂತ್ರದಂತಹುದನ್ನು ಮರದ ದಿಂಡುಗಳ ಮೇಲೆ ಕೂರಿಸಿ ಕಾಡಿಗೆ ತಂದುದೇ ಆ ಉಪಾಯ. ಯಂತ್ರವನ್ನು ಗಟ್ಟಿಯಾದ ಬೊಡ್ಡೆಗೆ ಬಿಗಿದು, ಅದರ ಉರುಳೆಗೆ ಹಗ್ಗವನ್ನು ಸುತ್ತಿ, ಹಗ್ಗದ ತುದಿಯನ್ನು ದಿಮ್ಮಿಗೆ ಕಟ್ಟಿದರೆ, ಉರುಳೆ ತಿರುಗಿದಂತೆ ದಿಮ್ಮಿ ತೆವಳುತ್ತ ಬರುತ್ತಿತ್ತು. ಹಗ್ಗವನ್ನು ಮತ್ತೆ ಕಾಡಿನೊಳಕ್ಕೆ ಒಯ್ಯಲು ಮೊದಮೊದಲು ಒಂದು ಕುದುರೆ ಬೇಕಾಗಿತ್ತು. ಯಂತ್ರವನ್ನೇ ಬೇರೆಡೆಗೆ ಸಾಗಿಸಬೇಕಾದಾಗ ಮುಂದಿನ ಮರವೊಂದಕ್ಕೆ ಹಗ್ಗ ಕಟ್ಟಿದರೆ ಸಾಕು, ಅದು ತನ್ನನ್ನು ತಾನೇ ಎಳೆದುಕೊಂಡು ಹೋಗುತ್ತಿತ್ತು! ಜನರು ಇದನ್ನು 'ಡಾಂಕಿ', ಎಂದರೆ ಕತ್ತೆ, ಎಂದು ಕರೆದರು. ಮುಂದೆ ಉಕ್ಕಿನ ಹಗ್ಗ ಬಂದಿತು. ಎಳೆತದ ದೂರ ಹೆಚ್ಚಿತು. ಎತ್ತುಗಳ ಹೆಗಲಿಗೆ ಬಿಡುವು ದೊರೆಯಿತು. ಆದರೆ ಎಳೆಯುವ ದಾರಿಯಲ್ಲಿದ್ದ ಎಳೆಯ ಮರಗಳು ನುಚ್ಚುನೂರಾದವು. ಹರಿದ ಉಕ್ಕಿನ ಹಗ್ಗ ಹತ್ತಿರವಿದ್ದವರ ಪ್ರಾಣಕ್ಕೇ ಎರವಾಗುತ್ತಿತ್ತು.

ಅದೇ ದೇಶದ ಈಶಾನ್ಯದ ತುದಿಯಲ್ಲಿರುವ ಮೇನ್ ಸಂಸ್ಥಾನದಲ್ಲಿ ತೊಡಕು ಬೇರೆ ಬಗೆಯದು. ಅಲ್ಲಿ ಚಳಿಗಾಲದ ಹಿಮದ ಮೇಲೆ ಕುದುರೆಗಳು ಜಾರುಬಂಡಿಗಳಲ್ಲಿ ಮರ ಸಾಗಿಸುತ್ತಿದ್ದವು. ಉಗಿಬಂಡಿಯ ಗಾಲಿ ಹಿಮದಲ್ಲಿ ಹೂತುಹೋಗುವುದಷ್ಟೆ. ವಾಟರ್‌ವಿಲ್‌ನ ಆಲ್ವಿನ್ ಲೊಂಬಾರ್ಡ್ ೧೯೦೧ರಲ್ಲಿ ಹಕ್ಕುಪತ್ರ ಪಡೆದ ಯಂತ್ರದಲ್ಲಿ ಹಿಂಭಾಗದ ಗಾಲಿಗಳ ಬದಲು ಉಕ್ಕಿನ ಹಲಗೆಗಳನ್ನು ಸರಪಳಿಯಂತೆ ಜೋಡಿಸಿದ ಪಟ್ಟಿಯಿತ್ತು. ಯಂತ್ರವು ತನ್ನ ದಾರಿಯನ್ನು ತಾನೇ ಹಾಸಿಕೊಳ್ಳುತ್ತ, ಸುತ್ತಿಕೊಳ್ಳುತ್ತ ಸಾಗುತ್ತಿತ್ತು. ಭಾರವೆಲ್ಲ ಅಗಲವಾಗಿ ಹರಡಿ ಹಿಮ ಕುಸಿಯದಾಯಿತು. ೧೯೧೭ರ ವರೆಗೆ ಇಂತಹವು ಸುಮಾರು ೮೩ ತಯಾರಾದವು.

ಈ ಯಂತ್ರವನ್ನು ನಡೆಸುತ್ತಿದ್ದವರಲ್ಲಿ ಚುಕ್ಕಾಣಿ ಹಿಡಿದವನ ಪಾಡು ನೆನೆಯತಕ್ಕದ್ದು. ಅವನ ಆಸನವು ಬಾಯ್ಲರಿನ ಮುಂದೆ, ತೆರೆದ ಚಳಿಗಾಳಿಯಲ್ಲಿ. ಮೇಲಿನಿಂದ ಕಿಡಿಗಳು ಉದುರುತ್ತಿದ್ದವು. ಹಿಂದೆ ದಿಮ್ಮಿ ಹೇರಿದ ಬಂಡಿಗಳ ಸಾಲು. ಯಂತ್ರಕ್ಕೆ ಬ್ರೇಕ್ ಇರಲಿಲ್ಲ! ಇಳಿಜಾರಿನಲ್ಲಿ ಹುಲ್ಲು ಹರಡಿ ಬಂಡಿಗಳ ಓಟವನ್ನು ತಗ್ಗಿಸುತ್ತಿದ್ದರು. ಯಂತ್ರ ಮಾಡಿದವನ ಹೆಸರು ಗ್ರಂಥಗಳಲ್ಲಿ ಉಳಿಯಿತು. ಅದರ ಮುಂದೆ ಕುಳಿತು ಪ್ರಾಣವನ್ನು ಪಣವಾಗಿಟ್ಟವರ ಹೆಸರುಗಳನ್ನು ಬಲ್ಲವರು ವಿರಳ.

ಉಕ್ಕಿನ ಪಟ್ಟಿಯಾದರೋ ಮೇನ್ ಸಂಸ್ಥಾನಕ್ಕೆ ಸೀಮಿತವಾಗಲಿಲ್ಲ. ೧೯೦೪ರಲ್ಲಿ ಕ್ಯಾಲಿಫೋರ್ನಿಯದ ಬೆಂಜಮಿನ್ ಹೋಲ್ಟ್ ಅಂತಹುದೇ ಪಟ್ಟಿಯ ಟ್ರಾಕ್ಟರನ್ನು ಮೆತ್ತನೆಯ ಹೊಲದಲ್ಲಿ ಓಡಿಸಿದನು. ೧೯೧೬ರಲ್ಲಿ ಪಟ್ಟಿಯು ಯುದ್ಧದ ಟ್ಯಾಂಕುಗಳಡಿ ಉರುಳಿತು. ೧೯೨೫ರಲ್ಲಿ ಹೋಲ್ಟನ ಕಂಪನಿಯೂ ಬೆಸ್ಟ್ ಕಂಪನಿಯೂ ಕೂಡಿ ಕ್ಯಾಟರ್‌ಪಿಲ್ಲರ್, ಎಂದರೆ ಕಂಬಳಿಹುಳು, ಎಂಬ ಹೆಸರಿನ ಕಂಪನಿಯಾಯಿತು. ಪಟ್ಟಿಯ ಟ್ರಾಕ್ಟರು ಕಾಡಿಗೆ ನುಗ್ಗಿದ ಮೇಲೆ ಹಗ್ಗದ ಉದ್ದವೆಂಬ ಕಟ್ಟೂ ಕಳಚಿತು. ಯಂತ್ರವೇ ಮರದ ಬುಡಕ್ಕೆ ಹೋಗತೊಡಗಿತು.

ಪರಿಣಾಮವನ್ನು ರೆಡ್‌ವುಡ್ ಕಾಡಿನಲ್ಲಿಯೇ ಕಾಣಬಹುದು. ಹಿಂದಿದ್ದ ಆದಿಮ ವನದಲ್ಲಿ ಇಂದು ಉಳಿದುದು ನೂರಕ್ಕೆ ಸುಮಾರು ೫ ಪಾಲು. ೧೯೬೮ರಲ್ಲಿ ಅಲ್ಲಿ ರಾಷ್ಟ್ರೀಯ ಉದ್ಯಾನವು ಸ್ಥಾಪಿತವಾಯಿತು, ೧೯೭೮ರಲ್ಲಿ ವಿಸ್ತರಿಸಲ್ಪಟ್ಟಿತು. ಅದರೊಳಗೆ ಸೇರಿದ ಬೋಳು ಗುಡ್ಡಗಳಲ್ಲಿ ದಿಮ್ಮಿ ಸಾಗಿಸಲು ಕೊರೆದ ರಸ್ತೆಗಳಿಂದ ಮಣ್ಣು ಕೊಚ್ಚಿ ಹೊಳೆ ಸೇರುತ್ತಿತ್ತು. ಆ ರಸ್ತೆಗಳನ್ನು ಅಳಿಸಿ ಗುಡ್ಡವನ್ನು ಮೊದಲಿನ ರೂಪಕ್ಕೆ ತರುವ ಕಾರ್ಯಕ್ಕೆ ತೊಡಗಿಸಿದುದು ಯಾವುದನ್ನು? ಅದೇ ಉಕ್ಕಿನ ಪಟ್ಟಿಯ ಬುಲ್‌ಡೋಜರನ್ನು!

ಯಂತ್ರಕ್ಕೆ ಪುಣ್ಯಪಾಪಗಳಿಲ್ಲ. ಪ್ರಾಣಿಬಲದ ಮಿತಿಯು ಕಾಡನ್ನು ಕಾಯುತ್ತಿದ್ದ ಕಾಲ ಕಳೆದುಹೋಯಿತು. ಇನ್ನು ಆ ಮಿತಿಯನ್ನು ಮನುಷ್ಯನು ತನಗೆ ತಾನೇ ವಿಧಿಸಿಕೊಳ್ಳಬೇಕು. ಕಾಡಿನ ನೆರಳಿನಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳು ಯಂತ್ರವಿದ್ಯೆಯನ್ನು ಕಲಿಯಲಿ, ಅದರೊಡನೆ ಈ ವಿವೇಕವನ್ನೂ ಕಲಿಯಲಿ ಎಂದು ನಾವು ಹಾರೈಸುತ್ತೇವೆ.