ತೀರ್ಪಿಲ್ಲದ ಪ್ರೀತಿ ಯಾರ ಪರ?

ದೌರ್ಜನ್ಯ ನಡೆದ ಊರಲ್ಲಿ ಎಫ್‌ಐಆರ್ ಶಾಯಿ ಆರೋ ಮುಂಚೆನೇ ಒಂದು ಶಾಂತಿ ಸಭೆ ಸೇರುತ್ತೆ. ನೋಡಿದವರಿಗೆ ಗೊತ್ತು. "ಒಂದೇ ಊರಲ್ಲಿ ಬಾಳಬೇಕಾದವರು, ರಾಜಿ ಮಾಡ್ಕೊಳ್ಳಿ. ದ್ವೇಷದಿಂದ ಏನು ಸಿಗುತ್ತೆ? ಕ್ಷಮಿಸೋನೇ ದೊಡ್ಡವನು." ಈ ಪಾಠ ಏಟು ತಿಂದವರಿಗೆ ಮಾತ್ರ. ಏಟು ಕೊಟ್ಟವರು ಮುಂದಿನ ಸಾಲಿನ ಕುರ್ಚಿಯಲ್ಲಿ ಕೂತಿರ್ತಾರೆ.

ಪ್ರೀತಿಯ ಹೆಸರಲ್ಲಿ ನ್ಯಾಯ ಮುಚ್ಚಿಹಾಕೋ ಈ ಮಾತು ಕೇಳಿದಾಗಲೆಲ್ಲ ನನಗೆ ನೆನಪಾಗೋದು ಅಮೆರಿಕದ ಕಪ್ಪು ಜನರ ಇತಿಹಾಸ. ದೇವರ ಪ್ರೀತಿ, ದೇವರ ತೀರ್ಪು ಅನ್ನೋ ಎರಡು ಕ್ರೈಸ್ತ ಮಾತುಗಳ ಮೇಲೆ ಅಲ್ಲಿ ಇನ್ನೂರು ವರ್ಷ ದೊಡ್ಡ ಜಗಳವೇ ನಡೆದಿದೆ. ಅದು ಬರೀ ದೇವಶಾಸ್ತ್ರದ ಜಗಳ ಅಲ್ಲ, ಚಾಟಿ ಯಾರ ಕೈಲಿರಬೇಕು ಅನ್ನೋ ಜಗಳ.

1830ರ ದಶಕದ ಆರಂಭದ ಒಂದು ಆಗಸ್ಟ್. ಮೇರಿಲ್ಯಾಂಡಿನ ಸೇಂಟ್ ಮೈಕೆಲ್ಸ್ ಹತ್ತಿರ ಮೆಥಡಿಸ್ಟರ ಒಂದು ದೊಡ್ಡ ಪ್ರಾರ್ಥನಾ ಶಿಬಿರ. ಅಲ್ಲಿ ಥಾಮಸ್ ಆಲ್ಡ್ ಎಂಬ ಗುಲಾಮರ ಒಡೆಯ ಭಕ್ತನಾದ. ಅವನ ಮನೆಯಲ್ಲಿ ಹದಿಹರೆಯದ ಒಬ್ಬ ಗುಲಾಮ ಹುಡುಗ ಇದ್ದ, ಹೆಸರು ಫ್ರೆಡರಿಕ್. ಮುಂದೆ ಜಗತ್ತು ಫ್ರೆಡರಿಕ್ ಡಗ್ಲಾಸ್ ಅಂತ ಕರೆದದ್ದು ಇವನನ್ನೇ. ಯಜಮಾನನಿಗೆ ದೇವರು ಸಿಕ್ಕಮೇಲೆ ನಮಗೆ ಬಿಡುಗಡೆ ಸಿಗಬಹುದು, ಇಲ್ಲಾಂದ್ರೆ ಹೊಡೆತನಾದ್ರೂ ಕಡಿಮೆ ಆಗಬಹುದು ಅಂತ ಹುಡುಗ ಕಾದ. ಆಗಿದ್ದು ಉಲ್ಟಾ. ಕ್ರೌರ್ಯ ಹೆಚ್ಚಾಯ್ತು, ಅದಕ್ಕೀಗ ಬೈಬಲ್ಲಿನ ಬೆಂಬಲವೂ ಸಿಕ್ಕಿತ್ತು.

ಅದೇ ಮನೆಯಲ್ಲಿ ಹೆನ್ನಿ ಎಂಬ ಯುವತಿ. ಚಿಕ್ಕವಳಿದ್ದಾಗ ಬೆಂಕಿಗೆ ಬಿದ್ದು ಕೈಗಳು ಮುರುಟಿಹೋಗಿದ್ದವು, ಕೆಲಸ ಆಗ್ತಿರಲಿಲ್ಲ. ಆಲ್ಡ್ ಅವಳನ್ನ ಕಟ್ಟಿಹಾಕಿ, ರಕ್ತ ಬರೋವರೆಗೆ ಹೊಡೆದು, ಲೂಕನ ಸುವಾರ್ತೆಯ 12ನೇ ಅಧ್ಯಾಯದ 47ನೇ ವಚನ ಹೇಳ್ತಿದ್ದ. ಯಜಮಾನನ ಇಷ್ಟ ತಿಳಿದೂ ಅದರಂತೆ ನಡೆಯದ ಆಳಿಗೆ ಬಹಳ ಪೆಟ್ಟು ಬೀಳುತ್ತೆ ಅನ್ನೋದು ಅದರ ಅರ್ಥ. ಯೇಸು ಹೇಳಿದ ತೀರ್ಪಿನ ಸಾಮತಿ ಅದು. ಅಲ್ಲಿ ಯಜಮಾನ ಅಂದ್ರೆ ದೇವರು. ಆಲ್ಡ್ ಆ ಜಾಗದಲ್ಲಿ ತಾನೇ ಕೂತ್ಕೊಂಡ.

ಸ್ವಲ್ಪ ಮೇಲೆ ಕಣ್ಣು ಹಾಯಿಸಿ. 45 ಮತ್ತು 46ನೇ ವಚನಗಳಲ್ಲಿ ಏನಿದೆ? ಯಜಮಾನ ಬರೋದು ತಡ ಅಂದ್ಕೊಂಡು ಜೊತೆಯ ಆಳುಗಳನ್ನ, ಹೆಣ್ಣಾಳುಗಳನ್ನ ಹೊಡೆಯೋಕೆ ಶುರುಮಾಡಿದವನಿಗೇ ಅತಿ ಘೋರ ಶಿಕ್ಷೆ ಕಾದಿದೆ ಅಂತಿದೆ! ಆಲ್ಡ್ ಆ ಎರಡು ವಚನ ಹಾರಿಸಿ ಓದಿದ. ತೀರ್ಪು ಅವನ ತಲೆ ಮೇಲೇ ತೂಗ್ತಿತ್ತು, ಅವನು ಅದನ್ನ ಕುಂಟು ಕೈಯ ಹುಡುಗಿಯ ಬೆನ್ನಿಗೆ ತಿರುಗಿಸಿದ.

ಇದು ಒಬ್ಬನ ಕುತಂತ್ರ ಅಲ್ಲ. 1807ರಲ್ಲಿ ಲಂಡನ್ನಿನಲ್ಲಿ ಬ್ರಿಟಿಷ್ ವೆಸ್ಟ್ ಇಂಡೀಸಿನ ಗುಲಾಮರಿಗಾಗಿ ಅಂತಲೇ ಒಂದು ಬೈಬಲ್ ಅಚ್ಚಾಯ್ತು. ಹಳೆಯ ಒಡಂಬಡಿಕೆಯ ಶೇ. 90ರಷ್ಟು, ಹೊಸ ಒಡಂಬಡಿಕೆಯ ಅರ್ಧದಷ್ಟು ಅದರಲ್ಲಿಲ್ಲ. ಫರೋಹನ ಗುಲಾಮಗಿರಿಯಿಂದ ಜನ ಹೊರಬಂದ ವಿಮೋಚನಕಾಂಡದ ಕಥೆಗೆ ಕತ್ತರಿ. ದುಷ್ಟ ಸಾಮ್ರಾಜ್ಯಗಳು ಕುಸಿದುಬೀಳೋ ಪ್ರಕಟನೆ ಗ್ರಂಥ ಪೂರ್ತಿ ಮಾಯ. ದಾಸರು ಒಡೆಯರಿಗೆ ವಿಧೇಯರಾಗಿರಬೇಕು ಅನ್ನೋ ಮಾತು ಮಾತ್ರ ಭದ್ರ. ಕತ್ತರಿ ಹಿಡಿದವರಿಗೆ ಗೊತ್ತಿತ್ತು, ದೇವರು ಪ್ರೀತಿಸ್ತಾನೆ ಅಂದ್ರೆ ಅಪಾಯ ಇಲ್ಲ, ದೇವರು ಲೆಕ್ಕ ಕೇಳ್ತಾನೆ ಅಂದ್ರೆ ಅಪಾಯ.

ಕತ್ತರಿಸಿದರೂ ಕಥೆ ಸಾಯಲಿಲ್ಲ. ದಕ್ಷಿಣ ಕ್ಯಾರೊಲಿನಾದ ಚಾರ್ಲ್ಸ್‌ಟನ್‌ನಲ್ಲಿ ಡೆನ್ಮಾರ್ಕ್ ವೆಸಿ ತನ್ನ ಜನಕ್ಕೆ ಇಸ್ರೇಲರು ದಾಸತ್ವದಿಂದ ಬಿಡಿಸಿಕೊಂಡ ಭಾಗವನ್ನೇ ಓದಿ ಹೇಳ್ತಿದ್ದ. 1822ರಲ್ಲಿ ದಂಗೆಯ ಸಂಚಿನ ಆರೋಪದ ಮೇಲೆ ಅವನನ್ನೂ ಸೇರಿಸಿ 35 ಜನರನ್ನ ಗಲ್ಲಿಗೇರಿಸಿದರು. ಅವನ ಚರ್ಚನ್ನೂ ಕೆಡವಿದರು.

ಡಗ್ಲಾಸ್ 1838ರ ಸೆಪ್ಟೆಂಬರ್ 3ರಂದು ತಪ್ಪಿಸಿಕೊಂಡ. ಸರಿಯಾಗಿ ಹತ್ತು ವರ್ಷಕ್ಕೆ, 1848ರಲ್ಲಿ, ತನ್ನ ಪತ್ರಿಕೆ 'ನಾರ್ತ್ ಸ್ಟಾರ್'ನಲ್ಲಿ ಆಲ್ಡ್‌ಗೆ ಒಂದು ಬಹಿರಂಗ ಪತ್ರ ಬರೆದ. ಅದೊಂದು ಆರೋಪಪಟ್ಟಿ. ನನ್ನ ಅಕ್ಕತಂಗಿಯರು ಎಲ್ಲಿ, ಸತ್ತಿದ್ದಾರೋ ಬದುಕಿದ್ದಾರೋ ಅಂತ ಕೇಳಿದ. ಒಂದು ರಾತ್ರಿ ನಾನು ನಿನ್ನ ಮನೆಗೆ ನುಗ್ಗಿ ನಿನ್ನ ಮಗಳು ಅಮಾಂಡಾಳನ್ನ ಎಳಕೊಂಡು ಹೋಗಿ ಗುಲಾಮಳನ್ನಾಗಿ ಮಾಡಿದ್ರೆ ನಿನಗೆ ಹೇಗನ್ನಿಸುತ್ತೆ ಅಂತಲೂ ಕೇಳಿದ. ಗುಲಾಮಗಿರಿಯನ್ನ ಹೊಡೆಯೋಕೆ ನಿನ್ನ ಹೆಸರನ್ನೇ ಆಯುಧ ಮಾಡ್ಕೊಳ್ತೀನಿ ಅಂದ. ಆದರೆ ಅದೇ ಪತ್ರದ ಕೊನೆಗೆ, ನಿನ್ನ ಮೇಲೆ ವೈಯಕ್ತಿಕ ಹಗೆ ಇಲ್ಲ, ನನ್ನ ಮನೆಯಷ್ಟು ಸುರಕ್ಷಿತ ಸೂರು ನಿನಗೆ ಬೇರೆ ಸಿಗಲ್ಲ ಅಂತಲೂ ಬರೆದ.

ಗಮನಿಸಿ ಗೆಳೆಯರೇ, ತೀರ್ಪು ಮತ್ತು ಪ್ರೀತಿ ಎರಡೂ ಒಂದೇ ಪತ್ರದಲ್ಲಿವೆ. ಒಂದಕ್ಕಾಗಿ ಇನ್ನೊಂದನ್ನ ಅವನು ಬಿಟ್ಟುಕೊಡಲಿಲ್ಲ.

ಆಮೇಲೆ ಅಂತರ್ಯುದ್ಧ. ಆರು ಲಕ್ಷಕ್ಕೂ ಹೆಚ್ಚು ಸೈನಿಕರು ಸತ್ತರು. 1865ರ ಮಾರ್ಚ್ 4ರಂದು ಎರಡನೇ ಸಲ ಅಧಿಕಾರ ವಹಿಸಿಕೊಂಡ ಲಿಂಕನ್, ಈ ಯುದ್ಧ ಗುಲಾಮಗಿರಿಯ ಪಾಪಕ್ಕೆ ದೇವರು ಕೊಟ್ಟ ತೀರ್ಪಿರಬಹುದು ಅಂತ ದೇಶದ ಮುಂದೆ ಹೇಳಿದರು. ಯಾರ ಮೇಲೂ ಹಗೆ ಬೇಡ ಅನ್ನೋ ಮಾತು ಬಂದದ್ದು ಅದಾದ ಮೇಲೆ, ಭಾಷಣದ ಕೊನೆಗೆ. ಕೇಳುಗರಲ್ಲಿ ಡಗ್ಲಾಸ್ ಕೂಡ ಇದ್ದ.

1877ರಲ್ಲಿ ಡಗ್ಲಾಸ್ ಸೇಂಟ್ ಮೈಕೆಲ್ಸ್‌ಗೆ ವಾಪಸ್ ಹೋದ. ಆಗ ಅವನು ವಾಷಿಂಗ್ಟನ್ನಿನ ಮಾರ್ಷಲ್. ಆಲ್ಡ್ ಹಾಸಿಗೆ ಹಿಡಿದ ಮುದುಕ, ಕೈ ನಡುಗ್ತಿತ್ತು. ಆಲ್ಡ್ ಅವನನ್ನ ಮಾರ್ಷಲ್ ಅಂತ ಕರೆದ. ಬೇಡ, ಮೊದಲಿನ ಹಾಗೆ ಫ್ರೆಡರಿಕ್ ಅನ್ನಿ ಅಂದ ಡಗ್ಲಾಸ್. ಇಬ್ಬರಿಗೂ ದುಃಖ ಉಕ್ಕಿ ಬಂತು. ನಾನು ಓಡಿದ್ದು ನಿಮ್ಮಿಂದ ಅಲ್ಲ, ಗುಲಾಮಗಿರಿಯಿಂದ ಅಂದ. ನಿನ್ನ ಜಾಗದಲ್ಲಿದ್ದಿದ್ರೆ ನಾನೂ ಹಾಗೇ ಮಾಡ್ತಿದ್ದೆ ಅಂತ ಆಲ್ಡ್ ಒಪ್ಪಿಕೊಂಡ. ಅಜ್ಜಿಯನ್ನ ಆಲ್ಡ್ ಬೀದಿಪಾಲು ಮಾಡಿದ ಅಂತ ತಾನು ಹಿಂದೆ ಬರೆದದ್ದು ತಪ್ಪು ಅಂತ ಡಗ್ಲಾಸ್ ಕೂಡ ಒಪ್ಪಿಕೊಂಡ. ತೀರ್ಪು ಹೇಳೋನಿಗೆ ಇರಬೇಕಾದ ಸತ್ಯನಿಷ್ಠೆ ಇದು.

ಈ ಭೇಟಿಯನ್ನ ಎತ್ತಿಹಿಡಿದು "ನೋಡಿ, ಡಗ್ಲಾಸ್ ಎಷ್ಟು ಚೆನ್ನಾಗಿ ಕ್ಷಮಿಸಿದ" ಅನ್ನೋರಿದ್ದಾರೆ. ಅವರು ಇಸವಿ ನೋಡಲಿ. ಮಂಚದ ಪಕ್ಕ ಕಣ್ಣೀರು ಬಂದದ್ದು 1877ರಲ್ಲಿ. ಗುಲಾಮಗಿರಿ ಸಂವಿಧಾನದಿಂದಲೇ ಅಳಿಸಿಹೋಗಿದ್ದು 1865ರಲ್ಲಿ. ಒಡೆಯ ಒಡೆಯನಾಗಿರೋವರೆಗೆ ಡಗ್ಲಾಸ್ ಆ ಮಂಚದ ಹತ್ತಿರ ಹೋಗಿರಲಿಲ್ಲ.

ಆದರೆ ಅದೇ 1877ರಲ್ಲಿ ದಕ್ಷಿಣದ ರಾಜ್ಯಗಳಲ್ಲಿ ಕಪ್ಪು ಜನರ ಹಕ್ಕಿಗೆ ಕಾವಲಿದ್ದ ಕೇಂದ್ರದ ಸೈನ್ಯ ಹಿಂದೆ ಸರಿಯಿತು. ಬಿಳಿಯರು ಬಿಳಿಯರು ರಾಜಿಯಾದರು. ತೀರ್ಪು ಅರ್ಧಕ್ಕೇ ನಿಂತಿತು. ಮುಂದಿನ ದಶಕಗಳಲ್ಲಿ ಸಾವಿರಾರು ಕಪ್ಪು ಜನರನ್ನ ಮರಕ್ಕೆ ನೇತುಹಾಕಿ ಕೊಂದರು. ಕೊಂದವರಲ್ಲಿ ಎಷ್ಟೋ ಜನ ಭಾನುವಾರ ತಪ್ಪದೆ ಚರ್ಚಿಗೆ ಹೋಗೋರು. ಅರ್ಕನ್ಸಾದಲ್ಲಿ ಹುಟ್ಟಿ ಬೆಳೆದ ಜೇಮ್ಸ್ ಕೋನ್ ಈ ನೆನಪನ್ನ ಹೊತ್ತೇ 1970ರಲ್ಲಿ ಕಪ್ಪು ವಿಮೋಚನೆಯ ದೇವಶಾಸ್ತ್ರ ಬರೆದರು. ಅವರ ವಾದ ಇಷ್ಟು: ಅನ್ಯಾಯದ ಮೇಲೆ ಸಿಟ್ಟೇ ಬರದ ದೇವರ ಪ್ರೀತಿ ತುಳಿತಕ್ಕೊಳಗಾದವರ ಉಪಯೋಗಕ್ಕೆ ಬರಲ್ಲ.

2015ರ ಜೂನ್ 17. ವೆಸಿಯ ಪರಂಪರೆಯ ಅದೇ ಚಾರ್ಲ್ಸ್‌ಟನ್ ಚರ್ಚಿನಲ್ಲಿ ಬೈಬಲ್ ಓದ್ತಿದ್ದ ಒಂಬತ್ತು ಜನರನ್ನ ಒಬ್ಬ ಬಿಳಿಯ ಜನಾಂಗದ್ವೇಷಿ ಗುಂಡಿಕ್ಕಿ ಕೊಂದ. ಎರಡೇ ದಿನಕ್ಕೆ ಸತ್ತವರ ಬಂಧುಗಳಲ್ಲಿ ಕೆಲವರು ಅವನನ್ನ ಕ್ಷಮಿಸಿದ್ವಿ ಅಂದರು. ಅದು ಅವರ ವಿಶ್ವಾಸ, ಅವರ ಹಕ್ಕು. ಅದನ್ನ ಅಳೆಯೋಕೆ ನಾವ್ಯಾರೂ ಅಲ್ಲ. ನನ್ನ ತಕರಾರು ಆ ಕ್ಷಮೆಯನ್ನ ಕೊಂಡಾಡಿ ಕೈ ತೊಳ್ಕೊಂಡವರ ಮೇಲೆ. ನೊಂದವರು ಕೊಡೋ ಕ್ಷಮೆ ಕಾಣಿಕೆ. ನೋಡ್ತಾ ನಿಂತವರು ಅದನ್ನ ಕೇಳಿದ್ರೆ ವಸೂಲಿ.

ನಮಗೂ ಈ ಕಥೆಗೂ ಹಳೇ ನಂಟಿದೆ. 1873ರಲ್ಲಿ ಜೋತಿಬಾ ಫುಲೆ ತಮ್ಮ 'ಗುಲಾಮಗಿರಿ'ಯನ್ನ ಅರ್ಪಿಸಿದ್ದು ಗುಲಾಮರನ್ನ ಬಿಡಿಸಿದ ಅಮೆರಿಕದ ಜನಕ್ಕೆ. ದಲಿತ ದೇವಶಾಸ್ತ್ರದ ಬೀಜ ಬಿದ್ದದ್ದು ನಮ್ಮ ಬೆಂಗಳೂರಲ್ಲೇ, 1981ರಲ್ಲಿ, ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಅರವಿಂದ ನಿರ್ಮಲ್ ಕೊಟ್ಟ ಉಪನ್ಯಾಸದಿಂದ. ದೇವರು ಪ್ರೀತಿ ಅಂತ ಸಾರೋ ಚರ್ಚುಗಳಲ್ಲೇ ದಲಿತರಿಗೆ ಬೇರೆ ಸಾಲು, ಬೇರೆ ಸಮಾಧಿ ಯಾಕೆ ಅನ್ನೋ ಪ್ರಶ್ನೆಯನ್ನ ಆ ಚಿಂತನೆ ಎತ್ತಿತು. ಉತ್ತರ ಇನ್ನೂ ಬಾಕಿ ಇದೆ.

ಮತ್ತಾಯನ 25ನೇ ಅಧ್ಯಾಯದ ಕೊನೇ ತೀರ್ಪಿನಲ್ಲಿ ಕೇಳೋ ಪ್ರಶ್ನೆ ಎಷ್ಟು ಪ್ರಾರ್ಥನೆ ಮಾಡಿದೆ ಅನ್ನೋದಲ್ಲ. ಹಸಿದವನಿಗೆ, ಬಟ್ಟೆ ಇಲ್ಲದವನಿಗೆ, ಜೈಲಲ್ಲಿದ್ದವನಿಗೆ ಏನು ಮಾಡಿದೆ ಅನ್ನೋದು. ಅಲ್ಲಿ ಪ್ರೀತಿಯನ್ನೇ ವಿಚಾರಣೆಗೆ ನಿಲ್ಲಿಸ್ತಾರೆ.

ಮುಂದಿನ ಶಾಂತಿ ಸಭೆಯಲ್ಲಿ ಯಾರಾದ್ರೂ "ಕ್ಷಮಿಸಿಬಿಡ್ರಪ್ಪಾ" ಅಂದ್ರೆ ನಾವು ದನಿ ಏರಿಸಬೇಕಿಲ್ಲ. ಇಷ್ಟೇ ಕೇಳೋಣ: ಅಣ್ಣಾ, ನೀವು 47ನೇ ವಚನ ಓದ್ತಿದ್ದೀರಿ. 45, 46 ಯಾವಾಗ ಓದ್ತೀರಿ?

ಜೈ ಭೀಮ್.