ಆಲ್ಝೈಮರ್ ಕಾಯಿಲೆ

ಮಿದುಳಿನ ನರಕೋಶಗಳು ಕ್ರಮೇಣ ನಾಶವಾಗಿ ನೆನಪು, ಮಾತು, ವಿವೇಚನೆ ಕುಂದುತ್ತ ಹೋಗುವ ರೋಗ. ಡಿಮೆನ್ಷಿಯಾಕ್ಕೆ (ಮರೆಗುಳಿತನಕ್ಕೆ) ಅತಿ ಸಾಮಾನ್ಯ ಕಾರಣ. ಜರ್ಮನಿಯ ವೈದ್ಯ ಅಲೋಯಿಸ್ ಆಲ್ಝೈಮರ್ 1906ರಲ್ಲಿ ಆಗುಸ್ಟೆ ಡೆಟರ್ ಎಂಬಾಕೆಯ ಮಿದುಳನ್ನು ಪರೀಕ್ಷಿಸಿ ಇದನ್ನು ಮೊದಲು ವಿವರಿಸಿದ. ಆಸ್ಪತ್ರೆ ಸೇರಿದಾಗ ಆಕೆಗೆ ಬರೀ 51 ವರ್ಷ; ತನ್ನ ಹೆಸರು ಬರೆಯಲು ಹೊರಟು ನಡುವೆಯೇ ಮರೆಯುತ್ತಿದ್ದಳು. ಕೋಶಗಳ ಹೊರಗೆ ಅಮಿಲಾಯ್ಡ್ ಬೀಟಾ, ಒಳಗೆ ಟೌ ಪ್ರೋಟೀನು ಗಂಟುಗಟ್ಟುವುದು ರೋಗದ ಗುರುತು.

ಹೊಸ ನೆನಪುಗಳನ್ನು ಕೂಡಿಡುವ ಹಿಪೊಕ್ಯಾಂಪಸ್ ಭಾಗಕ್ಕೆ ಮೊದಲೇ ಪೆಟ್ಟು ಬೀಳುವುದರಿಂದ ಬಾಲ್ಯದ ಮೇಷ್ಟರ ಹೆಸರು ಉಳಿದು ಬೆಳಗಿನ ತಿಂಡಿ ಮರೆತುಹೋಗುತ್ತದೆ. ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುವುದು, ಒಲೆ ಹಚ್ಚಿ ಮರೆಯುವುದು, ಚಿಲ್ಲರೆ ಲೆಕ್ಕ ತಪ್ಪುವುದು, ದಿನವೂ ಹೋಗುವ ಅಂಗಡಿಯಿಂದ ಮನೆಗೆ ದಾರಿ ತಿಳಿಯದಿರುವುದು ಸಾಮಾನ್ಯ. ಸಂಜೆಯಾದಂತೆ ಕೆಲವರಿಗೆ ಗಲಿಬಿಲಿ ಹೆಚ್ಚುತ್ತದೆ. ಕೊನೆಗೆ ಸ್ನಾನ, ಊಟಕ್ಕೂ ಇನ್ನೊಬ್ಬರ ಕೈ ಬೇಕು. ಆ ಹೊರೆ ನಮ್ಮಲ್ಲಿ ಬಹುಪಾಲು ಮನೆಯ ಹೆಂಗಸರದೇ. ಈ ಕಾಯಿಲೆಯನ್ನು ವಯಸ್ಸಿನ ಅರಳುಮರಳೆಂದು ತಳ್ಳಿಹಾಕುವುದು ತಪ್ಪು.

2016ರ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ ಚಿತ್ರದಲ್ಲಿ ಅನಂತನಾಗ್ ಇಂಥ ರೋಗಿಯ ಪಾತ್ರ ವಹಿಸಿದ್ದಾರೆ. ಈ ರೋಗವನ್ನು ಪೂರ್ಣ ಗುಣಪಡಿಸುವ ಔಷಧವಿಲ್ಲ. ಡೊನೆಪೆಜಿಲ್‌ನಂಥ ಮಾತ್ರೆಗಳು ಕೆಲವರಲ್ಲಿ ಲಕ್ಷಣಗಳನ್ನು ಕೆಲಕಾಲ ತಗ್ಗಿಸುತ್ತವೆ.